‘ಏಳು’ ಅಂದರೆ ‘ಎಂಟು’: ಒಂದೇ ಥರ ಕೇಳಿಸುವ ಪದಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪನ್, ಶ್ಲೇಷೆ, ಪದಗಳ ಆಟ. ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದರ ಬಗ್ಗೆಯೇ ಇದ್ದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದನ್ನೇ ಎತ್ತಿಕೊಂಡಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಒಂದು ಮಾಡಿದ್ದೇನೆ, ಬೇಸರ ಮಾಡ್ಕೋಬೇಡಿ.

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಬೆಳಿಗ್ಗೆ ‘ಏಳು’ ಅಂತ ಎಬ್ಬಿಸಿದರೆ ಹೊದಿಕೆ ಒಳಗಿಂದಲೇ ‘ಎಂಟು’ ಅಂತಾಳೆ. ಲೆಕ್ಕ ಮಾಡಿಸುವಾಗ ‘ಇದರಲ್ಲಿ ಐದು ಕಳೆ’ ಅಂದರೆ ‘ಕಳೆದುಹೋಯ್ತು, ಹುಡುಕ್ತಾ ಇದೀನಿ’ ಅಂತಾಳೆ. ಮನೆಯಲ್ಲಿ ನಮಗೆ ನಗು ಬರುತ್ತೆ. ಆದರೆ ಅವಳ ಟೀಚರ್ ಇದನ್ನು ಎದುರುಮಾತು ಅಂದುಕೊಂಡಿದ್ದಾರೆ. ಈ ಅಭ್ಯಾಸ ಬಿಡಿಸಬೇಕಾ?

ಉತ್ತರ: ದಯವಿಟ್ಟು ಬಿಡಿಸಬೇಡಿ. ನಿಮ್ಮ ಮಗಳು ಮಾಡ್ತಿರೋದು ಸಣ್ಣ ಕೆಲಸ ಅಲ್ಲ. ಚಿಕ್ಕ ಮಕ್ಕಳಿಗೆ ಪದ ಬೇರೆ, ವಸ್ತು ಬೇರೆ ಅನ್ನೋದೇ ಗೊತ್ತಿರುವುದಿಲ್ಲ. ‘ಏಳು’ ಅಂದರೆ ಏಳುವುದು, ಅಷ್ಟೇ. ಸುಮಾರು 6–7 ವರ್ಷದ ಹೊತ್ತಿಗೆ ಮಕ್ಕಳಿಗೆ ಇನ್ನೊಂದು ವಿಷಯ ಹೊಳೆಯಲು ಶುರುವಾಗುತ್ತದೆ: ಪದ ಅನ್ನೋದು ಒಂದು ಸದ್ದು, ಆ ಸದ್ದಿಗೆ ಎರಡು ಅರ್ಥ ಇರಬಹುದು, ಯಾವುದನ್ನು ಹಿಡಿಯಬೇಕು ಅನ್ನೋದು ನನ್ನ ಕೈಯಲ್ಲಿದೆ. ನಿಮ್ಮ ಮಗಳು ಅರೆನಿದ್ದೆಯಲ್ಲೂ ಅದನ್ನು ಮಾಡ್ತಾಳೆ ಅಂದರೆ ಅವಳ ಕಿವಿ ಭಾಷೆಗೆ ತೆರೆದುಕೊಂಡಿದೆ.

ಇದಕ್ಕೆ ದೊಡ್ಡ ಹೆಸರೂ ಇದೆ. 9ನೇ ಶತಮಾನದಲ್ಲಿ ಕಾಶ್ಮೀರದ ರುದ್ರಟ ಎಂಬ ಆಲಂಕಾರಿಕ, ಅಂದರೆ ಕಾವ್ಯದ ಅಲಂಕಾರಗಳ ಬಗ್ಗೆ ಶಾಸ್ತ್ರ ಬರೆದವನು, ಇದನ್ನು ವಕ್ರೋಕ್ತಿ ಎಂದು ಕರೆದ. ಒಬ್ಬರು ಒಂದು ಅರ್ಥದಲ್ಲಿ ಆಡಿದ ಮಾತನ್ನು ಎದುರಿಗಿದ್ದವರು ಬೇಕಂತಲೇ ಇನ್ನೊಂದು ಅರ್ಥದಲ್ಲಿ ತಗೊಂಡು ಉತ್ತರ ಕೊಡುವುದು. ಪದದ ಎರಡು ಅರ್ಥವನ್ನು ಹಿಡಿದು ಹೀಗೆ ಮಾಡಿದರೆ ಅದು ಶ್ಲೇಷ ವಕ್ರೋಕ್ತಿ. ಸ್ವರ ತಿರುಗಿಸಿ ಮಾಡಿದರೆ ಕಾಕು ವಕ್ರೋಕ್ತಿ. ಟೀಚರ್ ಜೊತೆ ಒಮ್ಮೆ ಮಾತಾಡಿ. ಪಾಠದ ಮಧ್ಯೆ ಬೇಡ, ಪಾಠ ಮುಗಿದ ಮೇಲೆ ಒಂದೈದು ನಿಮಿಷ ಇದಕ್ಕೇ ಅಂತ ಕೊಟ್ಟರೆ ತರಗತಿಯ ಉಳಿದ ಮಕ್ಕಳೂ ಆಟಕ್ಕೆ ಸೇರಿಕೊಳ್ಳುತ್ತಾರೆ. ಮನೆಯಲ್ಲಿ ನೀವೂ ಸೇರಿ. ‘ಎಂಟು’ ಅಂದರೆ ‘ಏಳದಿದ್ದರೆ ಹಾಲು ಆರುತ್ತೆ’ ಅನ್ನಿ. ಆರು, ಏಳು, ಎಂಟು ಮೂರೂ ಆಯ್ತಲ್ಲ, ಮುಂದಿನದನ್ನು ಅವಳೇ ಹುಡುಕಲಿ.

ಪ್ರಶ್ನೆ: ಪನ್ ಅಂದರೆ ಶ್ಲೇಷೆನಾ? ಯಮಕ ಅಂತಲೂ ಓದಿದ ನೆನಪು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ದಿನವೇ ಹೋಯ್ತು. ಸುಲಭವಾಗಿ ಹೇಳಿ.

ಉತ್ತರ: ಒಂದು ಪದ ಇಟ್ಟುಕೊಂಡು ನೋಡೋಣ. ‘ಹತ್ತು ಮೆಟ್ಟಿಲು ಹತ್ತು.’ ಇಲ್ಲಿ ‘ಹತ್ತು’ ಎರಡು ಸಲ ಬಂತು. ಮೊದಲನೆಯದು ಸಂಖ್ಯೆ, ಎರಡನೆಯದು ಕ್ರಿಯೆ. ಒಂದೇ ಅಕ್ಷರಗಳು ಮತ್ತೆ ಬರಬೇಕು, ಅರ್ಥ ಬೇರೆ ಆಗಿರಬೇಕು. ಇದು ಯಮಕದ ದಾರಿ.

ಈಗ ‘ಬೆಕ್ಕು ಹಾಲಿನಲ್ಲಿದೆ’ ಅನ್ನಿ. ಪದ ಬಂದದ್ದು ಒಂದೇ ಸಲ. ಬೆಕ್ಕು ಮನೆಯ ಹಾಲ್‌ನಲ್ಲಿ ಕೂತಿದೆಯೋ, ಪಾತ್ರೆಯ ಹಾಲಿಗೆ ಬಿದ್ದಿದೆಯೋ? ಒಂದೇ ಸಲ ಬಂದ ಪದ ಎರಡು ಅರ್ಥವನ್ನೂ ಹೊತ್ತು ನಿಂತರೆ ಅದು ಶ್ಲೇಷೆ. ಶ್ಲೇಷ ಅನ್ನುವ ಪದದ ಅರ್ಥವೇ ಅಂಟಿಕೊಳ್ಳುವುದು, ಅಪ್ಪಿಕೊಳ್ಳುವುದು. ಎರಡು ಅರ್ಥ ಒಂದನ್ನೊಂದು ಅಪ್ಪಿಕೊಂಡಿವೆ.

ಪನ್ ಇವೆರಡಕ್ಕಿಂತ ಸಡಿಲ. ಅಲ್ಲಿ ಪೂರ್ತಿ ಒಂದೇ ಸದ್ದು ಬೇಕಂತಿಲ್ಲ, ಹತ್ತಿರ ಬಂದರೂ ನಡೆಯುತ್ತದೆ. ‘ಬೆಳೆಗೆ ಬೆಲೆ ಇಲ್ಲ’ ಅಂದಾಗ ಳ ಮತ್ತು ಲ ಬೇರೆಯೇ. ಆದರೂ ಕಿವಿ ಎರಡನ್ನೂ ಕಟ್ಟಿ ಹಾಕುತ್ತದೆ. ‘ಬಲ್ಲವನೇ ಬಲ್ಲ ಬೆಲ್ಲದ ಸವಿಯ’ ಅನ್ನೋ ಗಾದೆ ನಾಲಿಗೆ ಮೇಲೆ ನಿಂತಿರೋದು ಆ ಬಲ್ಲ–ಬೆಲ್ಲದ ಹತ್ತಿರದಿಂದಲೇ ಅಲ್ವಾ?

ಪ್ರಶ್ನೆ: ಕನ್ನಡದಲ್ಲಿ ಒಂದೇ ಥರದ ಪದಗಳು ಇಷ್ಟೊಂದು ಯಾಕಿವೆ? ಮುತ್ತು, ಕಾಡು, ಹೊಳೆ, ಕಳೆ, ತೆರೆ, ಬರೆ… ಹುಡುಕಿದಷ್ಟೂ ಸಿಗುತ್ತವೆ.

ಉತ್ತರ: ಈ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದಲ ಕಾರಣ ನಮ್ಮ ಕ್ರಿಯಾಪದಗಳು. ಕನ್ನಡದಲ್ಲಿ ಧಾತು ಹಾಗೇ ನಿಂತರೆ ಅದೇ ಆಜ್ಞೆ. ‘ಕಾಡು’ ಅಂದರೆ ಅರಣ್ಯ, ‘ಕಾಡು’ ಅಂದರೆ ಪೀಡಿಸು. ‘ಹೊಳೆ’ ಅಂದರೆ ನದಿ, ‘ಹೊಳೆ’ ಅಂದರೆ ಮಿಂಚು. ನಾಮಪದವೂ ಕ್ರಿಯೆಯೂ ಒಂದೇ ಬಟ್ಟೆ ಹಾಕಿಕೊಂಡು ಓಡಾಡುತ್ತವೆ. ಅದರ ಮೇಲೆ ನಮ್ಮ ಪದಗಳೆಲ್ಲ ಹೆಚ್ಚುಕಡಿಮೆ ಸ್ವರದಲ್ಲೇ ಮುಗಿಯುತ್ತವೆ. ಉ, ಎ, ಇ, ಅ ಇಷ್ಟರಲ್ಲೇ ಕೊನೆ ಸಿಗುವಾಗ ಒಂದರ ಬಾಲ ಇನ್ನೊಂದಕ್ಕೆ ಹೊಂದೋದು ಸುಲಭ.

ಎರಡನೇ ಕಾರಣ ನನಗೆ ಜಾಸ್ತಿ ಇಷ್ಟ. ಹಳಗನ್ನಡದಲ್ಲಿ ಈಗ ನಮ್ಮ ವರ್ಣಮಾಲೆಯಲ್ಲಿಲ್ಲದ ಎರಡು ಅಕ್ಷರ ಇದ್ದವು, ಱ ಮತ್ತು ೞ. ಅವಕ್ಕೆ ಬೇರೆಯದೇ ಉಚ್ಚಾರ ಇತ್ತು. ಈಗ ‘ತೆರೆ’ ನೋಡಿ. ಕಡಲಿನ ತೆರೆ, ನಾಟಕದ ತೆರೆ, ಬಾಗಿಲು ತೆರೆ. ನಮಗೆ ಮೂರೂ ಒಂದೇ. ಹಳಗನ್ನಡದವರಿಗೆ ಅಲೆಯ ‘ತೆರೆ’ಯಲ್ಲಿ ನಮ್ಮ ಮಾಮೂಲಿ ರ ಇತ್ತು, ಬಾಗಿಲು ‘ತೆಱೆ’ಯಲ್ಲಿ ಱ ಇತ್ತು. ತಮಿಳಿನಲ್ಲಿ ಈಗಲೂ ಈ ಎರಡು ಪದಗಳಿಗೆ ಬೇರೆ ಬೇರೆ ರ ಬರೆಯುತ್ತಾರೆ. ಹಾಗೇ ರಾಜ್ಯ ‘ಆಳು’ವುದರಲ್ಲಿ ಳ, ನೀರಿನ ‘ಆೞ’ದಲ್ಲಿ ೞ. ೞ ಮೊದಲು ಬಾಯಿಂದ ಜಾರಿತು, ಱ ಸ್ವಲ್ಪ ಕಾಲ ಉಳಿದು ಆಮೇಲೆ ಹೋಯಿತು. ಎರಡು ಮನೆಯ ಮಧ್ಯದ ಗೋಡೆ ಬಿದ್ದ ಹಾಗೆ ಬೇರೆ ಬೇರೆ ಇದ್ದ ಪದಗಳು ಒಂದೇ ಸದ್ದಿನೊಳಗೆ ಬಂದು ಕೂತವು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಳ ಯಾವುದು, ೞ ಯಾವುದು ಅಂತ ಕೂತು ಬಿಡಿಸಿ ತೋರಿಸಿದ. ಜನರ ಬಾಯಲ್ಲಿ ಎರಡೂ ಬೆರೆತಿದ್ದರಿಂದಲೇ ಆ ಕೆಲಸ ಬೇಕಾಯಿತು. ಅಂದರೆ ಇವತ್ತು ‘ತೆರೆ ತೆರೆಯಿತು’ ಅಂತ ನಾವು ಆಡೋ ಆಟ ಸಾವಿರ ವರ್ಷದ ಹಿಂದೆ ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ಉಲ್ಟಾನೂ ಆಗಿದೆ. ಹಳಗನ್ನಡದಲ್ಲಿ ಕುಡಿಯುವ ಹಾಲೂ ‘ಪಾಲ್’, ಭಾಗವೂ ‘ಪಾಲ್’. ಆಗ ಅದು ಒಳ್ಳೆಯ ಶ್ಲೇಷೆ. ಆಮೇಲೆ ಕನ್ನಡದ ಪ ಎಷ್ಟೋ ಪದಗಳಲ್ಲಿ ಹ ಆಯಿತು. ಕುಡಿಯೋದು ಹಾಲಾಯ್ತು, ಹಂಚಿಕೊಳ್ಳೋದು ಪಾಲಾಗಿಯೇ ಉಳಿಯಿತು. ಒಂದು ಜೋಡಿ ಹೀಗೆ ಬೇರೆಯಾಯಿತು.

ಮೂರನೆಯದು ಹೊರಗಿನಿಂದ ಬಂದ ಪದಗಳು. ಸಂಸ್ಕೃತದ ‘ಕರಿ’ ಆನೆ, ನಮ್ಮ ‘ಕರಿ’ ಕಪ್ಪು, ಎಣ್ಣೆಯಲ್ಲಿ ‘ಕರಿ’ಯೋದು ಇನ್ನೊಂದು. ಸಂಸ್ಕೃತದ ‘ಊರು’ ತೊಡೆ, ನಮ್ಮ ‘ಊರು’ ಊರೇ. ಇಂಗ್ಲಿಷಿನ ಕಾಲ್ ಬಂದ ಮೇಲೆ ನಮ್ಮ ಕಾಲಿಗೂ ಒಬ್ಬ ಜೊತೆಗಾರ ಸಿಕ್ಕ.

ಪ್ರಶ್ನೆ: ‘ಸಂಧಿ ಗೊತ್ತಿದ್ದವನಿಗೆ ಪನ್ ತಾನಾಗಿ ಬರುತ್ತೆ’ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ವ್ಯಾಕರಣಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ: ನಿಮ್ಮ ಮೇಷ್ಟ್ರು ಸರಿಯಾಗೇ ಹೇಳಿದ್ದಾರೆ. ಒಂದು ಕಥೆ ಇದೆ, ಕಥಾಸರಿತ್ಸಾಗರದಲ್ಲಿ ಬರೋದು. ಶಾತವಾಹನ ರಾಜ ರಾಣಿಯರ ಜೊತೆ ನೀರಾಟ ಆಡ್ತಿದ್ದ. ಅವನು ಎರಚಿದ ನೀರಿಗೆ ಸಾಕಾದ ಒಬ್ಬ ರಾಣಿ ಸಂಸ್ಕೃತದಲ್ಲಿ ‘ಮೋದಕೈಃ’ ಹೊಡೆಯಿರಿ ಎಂಬ ಮಾತು ಅಂದಳು. ರಾಜ ತಕ್ಷಣ ಆಳುಗಳನ್ನು ಕರೆದು ಮೋದಕ ತರಿಸಿದ. ರಾಣಿ ನಕ್ಕಳು. ಅವಳು ಹೇಳಿದ್ದು ‘ಮಾ ಉದಕೈಃ’, ನೀರಿನಿಂದ ಬೇಡ ಅಂತ. ಮಾ + ಉದಕೈಃ ಸೇರಿದಾಗ ಗುಣಸಂಧಿಯಿಂದ ಮೋದಕೈಃ ಆಗಿತ್ತು. ರಾಜನಿಗೆ ಅವಮಾನ ಆಗಿ ವ್ಯಾಕರಣ ಕಲಿಯಲು ಕೂತ. ಆಸ್ಥಾನದ ಪಂಡಿತರಲ್ಲಿ ಗುಣಾಢ್ಯ 6 ವರ್ಷದಲ್ಲಿ ಕಲಿಸ್ತೀನಿ ಅಂದ, ಶರ್ವವರ್ಮ 6 ತಿಂಗಳು ಸಾಕು ಅಂದ. ಕಾತಂತ್ರ ಅನ್ನೋ ವ್ಯಾಕರಣ ಹುಟ್ಟಿದ್ದು ಹೀಗೆ ಅಂತ ಆ ಕಥೆ ಹೇಳುತ್ತದೆ.

ಪದವನ್ನು ಒಡೆಯದೇ ಎರಡು ಅರ್ಥ ಬಂದರೆ ಅಭಂಗ ಶ್ಲೇಷ. ಮೇಲಿನ ಥರ ಒಡೆದಾಗ ಬಂದರೆ ಸಭಂಗ ಶ್ಲೇಷ.

ಕನ್ನಡದಲ್ಲಿ ಇದರ ಚಂದದ ಉದಾಹರಣೆ ಪುರಂದರದಾಸರ ‘ರಾಗಿ ತಂದೀರಾ ಭಿಕ್ಷಕೆ ರಾಗಿ ತಂದೀರಾ’. ಎಲ್ಲರೂ ಕೇಳಿರ್ತೀರಿ. ಈಗ ಸ್ವಲ್ಪ ನಿಧಾನಕ್ಕೆ ಕೇಳಿ. ‘ಯೋಗ್ಯರಾಗಿ ಭೋಗ್ಯರಾಗಿ ಭಾಗ್ಯವಂತರಾಗಿ ನೀವು.’ ಯೋಗ್ಯರು + ಆಗಿ. ಲೋಪಸಂಧಿಯಲ್ಲಿ ‘ರು’ವಿನ ಉಕಾರ ಬಿದ್ದುಹೋಗುತ್ತದೆ, ಬರೀ ರ್ ಉಳಿಯುತ್ತದೆ, ಅದು ‘ಆಗಿ’ ಜೊತೆ ಸೇರಿ ‘ರಾಗಿ’ ಆಗುತ್ತದೆ. ಸಂಧಿ ಆಗದೇ ಹೋಗಿದ್ದರೆ ಈ ಹಾಡೇ ಇಲ್ಲ. ಬಾಗಿಲಲ್ಲಿ ನಿಂತವನು ಧಾನ್ಯ ಕೇಳುತ್ತಿದ್ದಾನೆ. ಅದೇ ಉಸಿರಿನಲ್ಲಿ ಕೊಡುವವರು ಹೇಗಿರಬೇಕು ಅಂತಲೂ ಹೇಳುತ್ತಿದ್ದಾನೆ. ಒಂದು ಅರ್ಥ ಜೋಳಿಗೆಗೆ, ಇನ್ನೊಂದು ಮನೆಯವರ ಮನಸ್ಸಿಗೆ. ಎರಡಕ್ಕೂ ಕೆಲಸ ಇದೆ. ಒಳ್ಳೆಯ ಪನ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಕೊಡೋ ಉತ್ತರ ಇದೇ: ಎರಡೂ ಅರ್ಥಕ್ಕೆ ಕೆಲಸ ಇರಬೇಕು.

ಇದನ್ನು ಇಡೀ ಕಾವ್ಯಕ್ಕೇ ಹಬ್ಬಿಸಿದವರೂ ಇದ್ದಾರೆ. ಧನಂಜಯನ ದ್ವಿಸಂಧಾನ ಮತ್ತು ಕದಂಬ ಕಾಮದೇವನ ಆಶ್ರಯದಲ್ಲಿದ್ದ ಕವಿರಾಜನ ರಾಘವಪಾಂಡವೀಯ, ಎರಡೂ ಸಂಸ್ಕೃತ ಕಾವ್ಯಗಳು. ಒಂದು ರೀತಿ ಓದಿದರೆ ರಾಮಾಯಣ, ಇನ್ನೊಂದು ರೀತಿ ಓದಿದರೆ ಮಹಾಭಾರತ. ಅಷ್ಟು ಉದ್ದಕ್ಕೆ ಎಳೆದರೆ ಓದುವವರಿಗೆ ಸುಸ್ತಾಗುತ್ತೆ ಅಂತ ನನಗನ್ನಿಸುತ್ತದೆ, ಆದರೂ ಆ ಕುಶಲತೆಗೆ ಕೈಮುಗಿಯಲೇಬೇಕು.

ಪ್ರಶ್ನೆ: ಗೆಳೆಯರ ಗುಂಪಿನಲ್ಲಿ ನಾನು ಪನ್ ಹೇಳಿದರೆ ಯಾರೂ ನಗಲ್ಲ. ‘ಅಯ್ಯೋ ಬಿಡಪ್ಪಾ’ ಅಂತಾರೆ. ಬೇರೆಯವರು ಹೇಳಿದರೆ ಅದೇ ಜನ ನಗ್ತಾರೆ. ನಾನು ಎಲ್ಲಿ ಎಡವುತ್ತಿದ್ದೀನಿ?

ಉತ್ತರ: ನೀವು ಉದಾಹರಣೆಗೆ ಕಳಿಸಿದ ಎಂಟೂ ಓದಿದೆ. ನೇರವಾಗಿ ಹೇಳ್ತೀನಿ, ಆರರಲ್ಲಿ ಬರೀ ಸದ್ದು ಇದೆ. ‘ಕಾರು ಕಾರಿತು’ ಅನ್ನೋದು ಅಂಥದ್ದು. ಸದ್ದು ಕೂಡಿತು, ನಿಜ. ಆದರೆ ಕಾರು ಏನನ್ನು ಕಾರಿತು, ಯಾಕೆ ಕಾರಿತು? ವಾಕ್ಯಕ್ಕೆ ಹೇಳೋದು ಏನೂ ಇಲ್ಲ. ಅದೇ ‘ಎಷ್ಟು ಸಾಲ ಮಾಡಿದರೂ ಸಾಲದು’ ಅಂದು ನೋಡಿ. ಸಾಲ ಮಾಡಿದ ಯಾರಿಗಾದರೂ ಇದು ಒಳಗೆ ತಾಗುತ್ತದೆ. ಪನ್ ತೆಗೆದು ‘ಹಣ ಎಷ್ಟು ತಂದರೂ ಸಾಲದು’ ಅಂದರೂ ಮಾತು ನಿಜವೇ. ಪನ್ ಇದ್ದಾಗ ಭಾಷೆಯೇ ಮುಂದೆ ಬಂದು ‘ಹೌದು, ನನಗೂ ಗೊತ್ತು’ ಅಂದ ಹಾಗಾಗುತ್ತದೆ. ‘ಕಳೆ ಕಿತ್ತ ಹೊಲಕ್ಕೆ ಕಳೆ ಬಂತು’ ಕೂಡ ಹಾಗೇ. ಗದ್ದೆಯಲ್ಲಿ ಬಗ್ಗಿ ಕಳೆ ತೆಗೆದವರು ಸೊಂಟ ನೆಟ್ಟಗೆ ಮಾಡಿ ಹಿಂದೆ ತಿರುಗಿ ನೋಡಿದಾಗ ಕಾಣೋದು ಅದೇ.

ನಿಮ್ಮ ಪಟ್ಟಿಯಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ‘ಇಲ್ಲಿ ನೆಟ್ಟು ನೆಟ್ಟಗಿಲ್ಲ’. ಅದನ್ನು ಕೂತು ಯೋಚಿಸಿ ಮಾಡಿಲ್ಲ ಅಲ್ವಾ? ಫೋನ್ ಕೈಯಲ್ಲಿ ಹಿಡಿದು ಕಿಟಕಿ ಹತ್ತಿರ ಹೋಗಿ ಬಂದು ಸಿಟ್ಟು ಬಂದಾಗ ಬಾಯಿಂದ ಹೊರಟ ಮಾತು ಅದು. ಅದಕ್ಕೇ ಚೆನ್ನಾಗಿದೆ. ಮೊದಲು ಹೇಳೋದಕ್ಕೊಂದು ಮಾತಿರಬೇಕು, ಪನ್ ಅದರ ದಾರಿಯಲ್ಲಿ ಸಿಗಬೇಕು. ಪನ್ ಮೊದಲು ಸಿಕ್ಕಿ ಅದಕ್ಕೆ ಮಾತು ಹುಡುಕಲು ಹೊರಟರೆ ಕೇಳುವವರಿಗೆ ಗೊತ್ತಾಗಿಬಿಡುತ್ತೆ.

ಇನ್ನೊಂದು, ಹೊತ್ತು. 1979ರಲ್ಲಿ ಡೇವಿಡ್ ಸ್ವಿನಿ ಎಂಬ ಮನೋವಿಜ್ಞಾನಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನರ ಕಿವಿಗೆ ಒಂದು ಕಥೆ ಕೇಳಿಸುತ್ತಿದ್ದರು. ಅದರಲ್ಲಿ ‘ಬಗ್ಸ್’ ಎಂಬ ಪದ ಬರುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಹುಳ ಅಂತಲೂ ಅರ್ಥ, ಕದ್ದು ಕೇಳುವ ಯಂತ್ರ ಅಂತಲೂ ಅರ್ಥ. ಕಥೆಯಲ್ಲಿ ಜೇಡ, ಜಿರಲೆ ಅಂತ ಹೇಳಿ ಇದು ಹುಳವೇ ಅಂತ ಸ್ಪಷ್ಟ ಮಾಡಿದ್ದರು. ಆದರೂ ಪದ ಕಿವಿಗೆ ಬಿದ್ದ ಕ್ಷಣದಲ್ಲಿ ಪರದೆ ಮೇಲೆ ‘ಇರುವೆ’ ಅನ್ನುವ ಪದ ತೋರಿಸಿದರೂ, ‘ಗೂಢಚಾರ’ ಅನ್ನುವ ಪದ ತೋರಿಸಿದರೂ ಜನ ಸಂಬಂಧವಿಲ್ಲದ ಪದಕ್ಕಿಂತ ಬೇಗ ಗುರುತಿಸಿದರು. ಅಂದರೆ ಆ ಕ್ಷಣ ಮನಸ್ಸಿನಲ್ಲಿ ಎರಡೂ ಅರ್ಥ ಎದ್ದು ನಿಂತಿದ್ದವು. ಮೂರು ಉಚ್ಚಾರಾಂಶ ದಾಟಿದ ಮೇಲೆ ತೋರಿಸಿದಾಗ ಇರುವೆ ಮಾತ್ರ ಉಳಿದಿತ್ತು.

ನಾವು ಯಾವ ಮಾತು ಕೇಳಿದರೂ ಒಳಗೆ ಇದು ನಡೀತಾ ಇರುತ್ತದೆ. ಬೇಡದ ಅರ್ಥ ಸದ್ದಿಲ್ಲದೆ ಮಲಗಿಬಿಡುತ್ತದೆ. ಪನ್ ಆ ಮಲಗಿದ ಅರ್ಥವನ್ನು ಮತ್ತೆ ಎಬ್ಬಿಸುತ್ತದೆ. ಅದಕ್ಕೇ ತಡ ಮಾಡಬೇಡಿ. ನಾಲ್ಕು ಮಾತು ದಾಟಿದ ಮೇಲೆ ‘ಆಗ ನೀನು ಹಾಲು ಅಂದ್ಯಲ್ಲ’ ಅಂತ ಶುರು ಮಾಡಿದರೆ ಯಾರಿಗೂ ಬೇಡ. ಬಿಡಿಸಿ ಹೇಳೋದಂತೂ ಬೇಡವೇ ಬೇಡ. ಹಾಗೇ ‘ಅಯ್ಯೋ ಬಿಡಪ್ಪಾ’ ಅಂದರೆ ಬೇಜಾರು ಮಾಡ್ಕೋಬೇಡಿ, ಅರ್ಥ ಆಗಿದ್ದಕ್ಕೇ ಹಾಗಂದರು.

ಪ್ರಶ್ನೆ: ಅ–ಹ, ಲ–ಳ, ಅಲ್ಪಪ್ರಾಣ–ಮಹಾಪ್ರಾಣ ಸರಿಯಾಗಿ ಹೇಳದವರ ಮಾತು ಹಿಡಿದು ಪನ್ ಮಾಡೋದು ಸರಿಯಾ? ನನಗೆ ನಗುವೂ ಬರುತ್ತೆ, ಆಮೇಲೆ ಬೇಸರವೂ ಆಗುತ್ತೆ.

ಉತ್ತರ: ಆ ಬೇಸರ ಇದೆಯಲ್ಲ, ಅದನ್ನು ನಂಬಿ.

ನಾನು ಕಾಲೇಜಿನಲ್ಲಿದ್ದಾಗ ಒಂದು ಭಾಷಣ ಸ್ಪರ್ಧೆ ಇತ್ತು. ನನ್ನ ತರಗತಿಯ ಹುಡುಗಿಯೊಬ್ಬಳು ಮೊದಲ ಸಲ ವೇದಿಕೆ ಹತ್ತಿದ್ದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಹಾಳೆ, ಅದರ ತುದಿ ನಡುಗೋದು ಎರಡನೇ ಸಾಲಿನಲ್ಲಿದ್ದ ನನಗೆ ಕಾಣ್ತಿತ್ತು. ಶುರುವಿನಲ್ಲೇ ‘ನಿಮ್ಮೆಲ್ಲರ ಆರೈಕೆ ನನ್ನ ಮೇಲಿರಲಿ’ ಅಂದಳು. ಹಾರೈಕೆ ಅನ್ನಬೇಕಿತ್ತು. ತೀರ್ಪುಗಾರರೊಬ್ಬರು ಮೈಕಿನಲ್ಲೇ ‘ಯಾಕಮ್ಮ, ಹುಷಾರಿಲ್ವಾ?’ ಅಂದರು. ಸಭೆ ಪೂರ್ತಿ ನಕ್ಕಿತು, ನಾನೂ ನಕ್ಕೆ. ಅವಳು ಉಳಿದ ಭಾಷಣವನ್ನು ತಲೆ ಎತ್ತದೆ ಓದಿ ಮುಗಿಸಿ ಕೆಳಗಿಳಿದಳು. ಆ ಮೂರು ವರ್ಷದಲ್ಲಿ ಮತ್ತೆ ಅವಳನ್ನು ಮೈಕ್ ಮುಂದೆ ನಾನು ನೋಡಲಿಲ್ಲ.

ಪನ್ ಆಗಿ ನೋಡಿದರೆ ಅದು ಒಳ್ಳೆಯ ಪನ್. ಆರೈಕೆ, ಹಾರೈಕೆ ಎರಡಕ್ಕೂ ಕೆಲಸ ಇತ್ತು, ಹೊತ್ತೂ ಸರಿಯಾಗಿತ್ತು. ಅಷ್ಟು ಒಳ್ಳೆಯ ಸಾಮಾನನ್ನು ಒಬ್ಬ ಹುಡುಗಿಯ ಬಾಯಿ ಮುಚ್ಚಿಸಲು ಬಳಸಿದರಲ್ಲ ಅನ್ನೋದು ನನಗೆ ಇವತ್ತಿಗೂ ನೋವು.

ಇನ್ನು ಆ ‘ತಪ್ಪಿ’ನ ಬಗ್ಗೆ ಒಂದು ಮಾತು. ಹಳಗನ್ನಡದ ಪಾಲ್ ನಡುಗನ್ನಡದಲ್ಲಿ ಹಾಲಾಯಿತು ಅಂತ ಮೇಲೆ ಹೇಳಿದೆ. ಹಕಾರ ಬಿಟ್ಟು ಆಲು ಅನ್ನುವವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟವರು. ಪ ಹೋಗಿ ಹ ಬಂದದ್ದನ್ನು ನಾವು ಶುದ್ಧ ಅಂತೀವಿ, ಹ ಹೋಗೋದನ್ನು ಮಾತ್ರ ಅಶುದ್ಧ ಅಂತೀವಿ. ಬರವಣಿಗೆಯಲ್ಲಿ ಹ ಬರೆಯೋಣ, ಮಕ್ಕಳಿಗೆ ಕಲಿಸೋಣ, ಅದು ಬೇಕು. ಆದರೆ ಒಬ್ಬರು ಹುಟ್ಟಿನಿಂದ ಆಡಿಕೊಂಡು ಬಂದ ಮಾತನ್ನು ಆಡಿಕೊಳ್ಳೋದು ಬೇಡ. ಅವರೇ ತಮ್ಮ ಮಾತಿನ ಮೇಲೆ ಪನ್ ಮಾಡಿ ನಗಿಸಿದರೆ ಜೊತೆಗೆ ನಗಿ, ಅದು ಬೇರೆ.

ಪ್ರಶ್ನೆ: ಪನ್ ಅಂದ ಕೂಡಲೇ ‘ಡಬಲ್ ಮೀನಿಂಗಾ?’ ಅಂತ ಮುಖ ಸಿಂಡರಿಸುತ್ತಾರೆ. ಈ ಕೆಟ್ಟ ಹೆಸರು ಯಾಕೆ?

ಉತ್ತರ: ಎರಡು ಅರ್ಥದ ಮಾತುಗಳಲ್ಲಿ ಒಂದು ಸಣ್ಣ ಭಾಗ ಆ ಥರದ್ದು. ಹೇಳಬಾರದ್ದನ್ನು ಹೇಳಿಯೂ ‘ನಾನು ಹಾಗಂದೇ ಇಲ್ಲ’ ಅನ್ನಲು ಎರಡನೇ ಅರ್ಥ ನೆಪ ಕೊಡುತ್ತದೆ, ಅದಕ್ಕೇ ಅದು ಸುಲಭ. ನನ್ನ ಅಳತೆಗೋಲಿನಲ್ಲಿ ಹೇಳೋದಾದರೆ ಅಲ್ಲಿ ಮೊದಲ ಅರ್ಥಕ್ಕೆ ಕೆಲಸವೇ ಇರುವುದಿಲ್ಲ, ಅದು ಬರೀ ಮರೆ. ಅಂಥವನ್ನು ನ್ಯಾಯವಾಗಿ ಡಬಲ್ ಮೀನಿಂಗ್ ಅನ್ನಲೂ ಬಾರದು. ಅವರು ಹೇಳೋದು ಒಂದೇ ಮೀನಿಂಗ್.

ಪ್ರಶ್ನೆ: ಇಂಗ್ಲಿಷ್ ಬೆರೆಸಿ ಪನ್ ಮಾಡಿದರೆ ಕನ್ನಡ ಕೆಡುತ್ತದೆ ಅಂತಾರೆ ನಮ್ಮ ತಂದೆ. ನಿಮಗೇನನ್ನಿಸುತ್ತೆ?

ಉತ್ತರ: ನಿಮ್ಮ ತಂದೆಯವರ ಕಾಳಜಿ ನನಗೆ ಅರ್ಥ ಆಗುತ್ತದೆ. ಆದರೆ ಟಿ. ಪಿ. ಕೈಲಾಸಂ (1884–1946) ನಾಟಕಗಳಲ್ಲಿ ಕನ್ನಡ–ಇಂಗ್ಲಿಷ್ ಬೆರೆತು ಬಂದಾಗ ಕನ್ನಡ ಕೆಟ್ಟಿತೇ? ಜನ ಮನೆಯಲ್ಲಿ ಆಡೋ ಮಾತು ರಂಗದ ಮೇಲೆ ಬಂತು. ಎರಡು ಭಾಷೆಯ ಪನ್ ಮಾಡಲು ಎರಡೂ ಭಾಷೆಯ ಸದ್ದು ಚೆನ್ನಾಗಿ ಗೊತ್ತಿರಬೇಕು. ‘ಬೇಕರಿಗೆ ಬಂದಿದ್ದೀರಿ, ಏನು ಬೇಕ್ರೀ?’ ಅನ್ನೋದು ಕೇಳಿ. ಇದರಲ್ಲಿ ನಗು ಬರೋದು ‘ಬೇಕ್ರೀ’ ಅನ್ನೋ ಅಚ್ಚ ಕನ್ನಡದ ಮರ್ಯಾದೆಯಿಂದ. ತಂದೆಯವರ ಮುಂದೆ ಇದನ್ನು ಹೇಳಿ ನೋಡಿ, ಮುಖದಲ್ಲಿ ನಗು ಬಂದರೆ ನನಗೆ ಬರೆದು ತಿಳಿಸಿ.

ಪ್ರಶ್ನೆ: ಬೇರೆ ಭಾಷೆಗಳಲ್ಲೂ ಇಷ್ಟೇ ಇದೆಯಾ? ಅನುವಾದ ಹೇಗೆ ಮಾಡ್ತಾರೆ?

ಉತ್ತರ: ಇದೆ, ಕೆಲವು ಕಡೆ ನಮಗಿಂತ ಜಾಸ್ತಿ. ಚೀನಿ ಭಾಷೆಯ ಮ್ಯಾಂಡರಿನ್‌ನಲ್ಲಿ ಸ್ವರದ ಏರಿಳಿತ ಬಿಟ್ಟು ಎಣಿಸಿದರೆ ಸುಮಾರು 400 ಉಚ್ಚಾರಾಂಶಗಳು ಮಾತ್ರ. ಅಷ್ಟರಲ್ಲೇ ಸಾವಿರಾರು ಪದ ಆಗಬೇಕು. ಅಲ್ಲಿ ನಾಲ್ಕು ಅನ್ನೋದೂ ಸಾವು ಅನ್ನೋದೂ ಏರಿಳಿತ ಒಂದು ಬಿಟ್ಟರೆ ಒಂದೇ ಸದ್ದು, ಅದಕ್ಕೇ ಎಷ್ಟೋ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೆ ಆ ಸಂಖ್ಯೆಯನ್ನೇ ಕೊಡುವುದಿಲ್ಲ. ಜಪಾನಿನವರು ಅಂಕಿಗಳ ಉಚ್ಚಾರ ಜೋಡಿಸಿ ಪದ ಮಾಡಿ ಫೋನ್ ನಂಬರು ನೆನಪಿಟ್ಟುಕೊಳ್ಳುತ್ತಾರೆ.

ಅನುವಾದದ ಬಗ್ಗೆ: ಪನ್ ಅನ್ನು ಹಾಗೇ ಎತ್ತಿ ಇಡಲು ಆಗಲ್ಲ. ‘ರಾಗಿ’ ಹಾಡನ್ನು ಇಂಗ್ಲಿಷಿಗೆ ತಂದರೆ ಧಾನ್ಯ ಬರುತ್ತದೆ, ‘ಆಗಿ’ ಬರಲ್ಲ. ಒಳ್ಳೆಯ ಅನುವಾದಕರು ಆ ಜಾಗದಲ್ಲಿ ತಮ್ಮ ಭಾಷೆಯಲ್ಲಿ ಬೇರೆ ಪನ್ ಹುಡುಕುತ್ತಾರೆ, ಅಲ್ಲಿ ಆಗದಿದ್ದರೆ ಎರಡು ಸಾಲು ಆಚೆ ಸಿಕ್ಕ ಅವಕಾಶ ಬಳಸಿಕೊಳ್ಳುತ್ತಾರೆ. ಅಡಿಟಿಪ್ಪಣಿ ಹಾಕಿದರೆ ವಿಷಯ ತಿಳಿಯುತ್ತೆ, ನಗು ಮಾತ್ರ ಬರಲ್ಲ.

ಪ್ರಶ್ನೆ: ತಪ್ಪಾಗಿ ಕೇಳಿಸಿಕೊಂಡು ಹಾಡಿನ ಸಾಲು ಬದಲಾಗೋದು, ಒಂದು ಪದದ ಬದಲು ಇನ್ನೊಂದು ಬಂದುಬಿಡೋದು, ಇವೂ ಪನ್ನೇನಾ?

ಉತ್ತರ: ಅಲ್ಲ, ನೆಂಟರು. ಪನ್ ಬೇಕಂತ ಮಾಡೋದು, ಇವು ತಾವಾಗಿ ಆಗೋದು. ಹಾಡು ತಪ್ಪಾಗಿ ಕೇಳಿಸೋದಕ್ಕೆ ‘ಮಾಂಡೆಗ್ರೀನ್’ ಅಂತ 1954ರಲ್ಲಿ ಸಿಲ್ವಿಯಾ ರೈಟ್ ಎಂಬ ಲೇಖಕಿ ಹೆಸರಿಟ್ಟರು. ಹಳೆಯ ಲಾವಣಿಯೊಂದರಲ್ಲಿ ಸತ್ತವನನ್ನು ಹಸಿರು ಹುಲ್ಲಿನ ಮೇಲೆ ಮಲಗಿಸಿದರು ಅನ್ನೋ ಸಾಲು ಚಿಕ್ಕಂದಿನಲ್ಲಿ ಅವರಿಗೆ ‘ಲೇಡಿ ಮಾಂಡೆಗ್ರೀನ್’ ಅಂತ ಕೇಳಿಸಿತ್ತಂತೆ. ದೊಡ್ಡ ಪದ ಬಳಸಲು ಹೋಗಿ ಅದರ ಹತ್ತಿರದ ಪದ ಹೇಳಿಬಿಡೋದಕ್ಕೆ 1775ರ ಒಂದು ಇಂಗ್ಲಿಷ್ ನಾಟಕದ ಮಿಸೆಸ್ ಮಾಲಪ್ರಾಪ್ ಎಂಬ ಪಾತ್ರದಿಂದ ‘ಮಾಲಪ್ರಾಪಿಸಂ’ ಅನ್ನೋ ಹೆಸರು ಬಂತು. ಕನ್ನಡದಲ್ಲಿ ಇವಕ್ಕೆ ಹೆಸರು ಬೇಕು ಅಂದರೆ ‘ಕಿವಿತಪ್ಪು’, ‘ಬಾಯಿತಪ್ಪು’ ಸಾಕಲ್ವಾ?

ಪ್ರಶ್ನೆ: ನಮಗೂ ಆಡಲು ಒಂದು ಪದ ಕೊಡಿ.

ಉತ್ತರ: ‘ಹೊತ್ತು’ ತಗೊಳ್ಳಿ. ಸಮಯವೂ ಹೊತ್ತು, ಸೂರ್ಯನೂ ಹೊತ್ತು, ತಲೆ ಮೇಲೆ ಹೊರೆ ಹೊರುವುದರ ಭೂತಕಾಲವೂ ಹೊತ್ತು, ಬೆಂಕಿ ಹೊತ್ತಿಕೊಳ್ಳೋದೂ ಅದೇ. ನನಗೆ ಇಲ್ಲಿಯವರೆಗೆ ಬಂದದ್ದು ಇಷ್ಟು: ‘ಹೊತ್ತು ಮುಳುಗುವ ಹೊತ್ತಿಗೆ ಹುಲ್ಲು ಹೊತ್ತು ಬಂದಳು.’ ಮೂರು ಸಿಕ್ಕಿತು, ಬೆಂಕಿ ಹೊರಗೇ ಉಳಿಯಿತು. ನಾಲ್ಕನ್ನೂ ಸೇರಿಸಿ, ಎಲ್ಲಕ್ಕೂ ಕೆಲಸ ಕೊಟ್ಟು ಒಂದು ವಾಕ್ಯ ಬರೆದು ಕಳಿಸಿ. ಬಂದವನ್ನು ಮುಂದಿನ ಸಲ ಇಲ್ಲೇ ಹಾಕೋಣ.